ಪಕ್ಕದ ಸೀಟಿನವಳು

ಕಣ್ಣಿನ ಪೊರೆ ತೆಗೆಸಿಕೊಂಡು ಒಂದು ತಿಂಗಳು ಮನೆಯೊಳಗೇ ಕೂತಿದ್ದ ಮೇಷ್ಟ್ರಮ್ಮ, ಡಾಕ್ಟರು ಇನ್ನು ಪರವಾಗಿಲ್ಲ ಅಂದ ಮಾರನೆಯ ಬೆಳಿಗ್ಗೆಯೇ ಶೆಡ್ಡಿಗೆ ಹೋಗಿ ಕಾರಿನ ಬಾಗಿಲು ತೆಗೆದಳು. ಎಂದಿನಂತೆ ಪಕ್ಕದ ಸೀಟಿನಲ್ಲಿ ಕೂತಳು, ತನ್ನ ಕಡೆಯ ಕ್ಲಚ್ ಒತ್ತಿದಳು, ಬಗ್ಗಿ ಕೀಲಿ ತಿರುಗಿಸಿದಳು. ಕಾರು ಟಕ್ ಅಂದಿತು. ಮತ್ತೆ ತಿರುಗಿಸಿದರೆ ಮತ್ತೆ ಟಕ್. ಮೂರನೆಯ ಸಲಕ್ಕೆ ಅದೂ ಇಲ್ಲ. ಆಮೇಲೆ ಜಪ್ಪಯ್ಯ ಅಂದರೂ ಮಿಸುಕಲಿಲ್ಲ. ಕಲಿಯಲು ಬಂದಿದ್ದ ಮೂವರು ಹೆಂಗಸರು ಗೇಟಿನ ಹತ್ತಿರ ಅರ್ಧ ಗಂಟೆ ಕಾಲು ಬದಲಿಸುತ್ತ ನಿಂತಿದ್ದು, ಮುಖ ಮುಖ ನೋಡಿಕೊಂಡು ಹೊರಟುಹೋದರು.

ಆ ಪಕ್ಕದ ಸೀಟಿನ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಮೇಷ್ಟ್ರಮ್ಮ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷ. ಗಂಡ ಗಂಡಸರಿಗೆ ಕಲಿಸುತ್ತಿದ್ದ, ಇವಳು ಹೆಂಗಸರಿಗೆ. ಇಬ್ಬರಿಗೂ ಸೇರಿ ಇದೊಂದೇ ಕಾರು. ಅವನು ತೀರಿಹೋಗಿ ಎರಡು ವರ್ಷವಾಯಿತು. ಕಲಿಸುವವರ ಕಡೆಗೂ ಕ್ಲಚ್ಚು, ಬ್ರೇಕು ಇರುವ ಕಾರಾದ್ದರಿಂದ ಅವಳ ಜಾಗ ಯಾವತ್ತೂ ಪಕ್ಕದ್ದೇ. ಅಲ್ಲಿಂದಲೇ ಕಾರು ಚಾಲೂ ಮಾಡುತ್ತಾಳೆ, ಅಲ್ಲಿಂದಲೇ ನಿಲ್ಲಿಸುತ್ತಾಳೆ, ಬೈಯುವುದೂ ಅಲ್ಲಿಂದಲೇ. ಓಡಿಸುವ ಸೀಟು ಕಲಿಯುವವರದು. ಇಳಿಯುವ ಮುಂಚೆ ಅವರು ಆ ಸೀಟನ್ನು ಅದರ ಕಂಬಿಯ ಮೇಲೆ ಮುಂದಿನಿಂದ ಐದನೇ ಕಚ್ಚಿಗೆ ತಂದು ಕೂರಿಸಿಯೇ ಇಳಿಯಬೇಕು. ಮುಂದೆ ಬರುವವರು ತಮಗೆ ಬೇಕಾದ ಹಾಗೆ ಸರಿಸಿಕೊಳ್ಳುವುದರಿಂದಲೇ ಪಾಠ ಶುರು. ಇದು ಅವಳ ಕಟ್ಟಳೆ, ತಪ್ಪಿದವರಿಗೆ ಆ ದಿನ ಸ್ಟೀರಿಂಗ್ ಇಲ್ಲ.

ಬೀದಿಯ ಕೊನೆಯಲ್ಲಿ ತಗಡಿನ ಮಾಡಿನ ಕೆಳಗೆ ಆಟೋ ಎಲೆಕ್ಟ್ರಿಷಿಯನ್ ಒಬ್ಬನಿದ್ದ. ವೈರು ಮುಟ್ಟಿ ನೋಡಿಯೇ ಕರೆಂಟಿದೆ ಎಂದು ಹೇಳುವ ಅಭ್ಯಾಸಕ್ಕೆ ಎಲ್ಲರೂ ಅವನನ್ನು ಷಾಕಪ್ಪ ಅಂತಲೇ ಕರೆಯುತ್ತಿದ್ದರು. ಗಂಡನ ಹಳೇ ಸ್ನೇಹಿತ. ಹತ್ತು ಗಂಟೆಗೆ ಬಂದವನು ಸ್ಟೀರಿಂಗಿನ ಕೆಳಗೆ ಮಂಡಿಯೂರಿ ಕೋಡ್ ಓದುವ ಯಂತ್ರವನ್ನು ಚುಚ್ಚಿದ. ಸಣ್ಣ ತೆರೆಯ ಮೇಲೆ ಮೂರು ಸಾಲು ಬಂದವು. ಪಿ 0562, ವೋಲ್ಟೇಜ್ ಕಡಿಮೆ. ಪಿ 0335, ಎಂಜಿನ್ ತಿರುಗುವುದನ್ನು ನೋಡುವ ಸೆನ್ಸರ್ ಸುಳಿವು ಕೊಡುತ್ತಿಲ್ಲ. ಮೂರನೆಯದು, ಕಾರಿನ ಎರಡು ಕಂಪ್ಯೂಟರುಗಳ ನಡುವೆ ಮಾತುಕತೆ ನಿಂತಿದೆ.

ಮೇಷ್ಟ್ರಮ್ಮ ಕಾಗದ ತಂದು ಬರೆದುಕೊಂಡಳು. ಮೂರು ರೋಗ ಅಂದರೆ ಮೂರು ಸಾಮಾನು ಬದಲಾಯಿಸಬೇಕೇನೋ ಅಂದಳು. ಷಾಕಪ್ಪ ನಕ್ಕ.

"ಕೋಡು ಅಂದ್ರೆ ರೋಗ ಅಲ್ಲ ಮೇಷ್ಟ್ರಮ್ಮ, ನರಳಾಟ. ಹಸಿದವನಿಗೆ ತಲೇನೂ ನೋಯುತ್ತೆ, ಕಾಲೂ ನಡುಗುತ್ತೆ. ಮಾತ್ರೆ ಕೊಡೋಕೆ ಮುಂಚೆ ಊಟ ಮಾಡಿದ್ಯಾ ಅಂತ ಕೇಳ್ಬೇಕು."

ಬ್ಯಾಟರಿ ಚಾರ್ಜ್ ಮಾಡಿ, ಕೋಡುಗಳನ್ನು ಅಳಿಸಿ ಕೊಟ್ಟುಹೋದ. ಕಾರು ಮುದ್ದಾಗಿ ಚಾಲೂ ಆಯಿತು. ಮೂರನೆಯ ದಿನ ಬೆಳಿಗ್ಗೆ ಮತ್ತೆ ಟಕ್.

ಅಂದು ಊಟದ ಹೊತ್ತಿಗೆ ಮಗ ಮಾತು ತೆಗೆದ. ಅವನು ನೀರು ಸರಬರಾಜು ಕಚೇರಿಯ ದೂರು ವಿಭಾಗದವನು. ನಲ್ಲಿಯಲ್ಲಿ ನೀರು ಬರದಿದ್ದರೂ ಅವನಿಗೇ ಬೈಗುಳ, ಹೆಚ್ಚು ಬಂದರೂ ಅವನಿಗೇ. ದಿನವಿಡೀ ಕಿವಿ ಕೊಟ್ಟು ಬಂದವನಿಗೆ ಮನೆಯಲ್ಲಿ ಬಾಯಿ ಕಡಿಮೆ. ತಟ್ಟೆಯಲ್ಲಿ ಅನ್ನ ಕಲಸುತ್ತ, ಕಾರಿಗೆ ವಯಸ್ಸಾಯಿತು, ನಿಮಗೂ ಅರವತ್ತೆರಡಾಯಿತು, ಕಣ್ಣು ಬೇರೆ ಆಪರೇಷನ್ ಆಗಿದೆ ಎಂದೆಲ್ಲ ಸುತ್ತಿಬಳಸಿ ಹೇಳಿದ. ಕೊನೆಗೆ ಕಡ್ಡಿ ಮುರಿದ ಹಾಗೆ ಅಂದ: "ಈ ತಿಂಗಳ ಕೊನೇ ಶನಿವಾರ ಗುಜರಿಯವನಿಗೆ ಬರೋಕೆ ಹೇಳ್ತೀನಮ್ಮ. ಅಷ್ಟರಲ್ಲಿ ಸರಿಹೋದ್ರೆ ಇರ್ಲಿ. ಇಲ್ಲಾಂದ್ರೆ ಮನೇಲಿ ಆರಾಮಾಗಿರಿ."

"ಮನೇಲಿ ಆರಾಮಾಗಿ ಏನ್ಮಾಡ್ಲಿ?"

"ಏನೂ ಮಾಡ್ಬೇಡಿ. ಅದಕ್ಕೇ ಆರಾಮು ಅನ್ನೋದು."

ಬೀನ್ಸ್ ಪಲ್ಯ ಬಡಿಸುತ್ತಿದ್ದ ಸೊಸೆ, "ಅಷ್ಟು ಅರ್ಜೆಂಟ್ ಏನಿದೆ, ನಿಂತಿದ್ರೆ ನಿಂತಿರ್ಲಿ ಬಿಡಿ," ಅಂದಳು. ಸೊಸೆ ತನ್ನ ಪರ ವಹಿಸಿದ್ದು ಮೇಷ್ಟ್ರಮ್ಮನಿಗೆ ಎಷ್ಟು ಹೊಸದಾಗಿತ್ತೆಂದರೆ, ಇದರಲ್ಲೇನೋ ವ್ಯಂಗ್ಯ ಇರಬೇಕು ಎಂದೇ ಅವಳಿಗೆ ಅನ್ನಿಸಿತು. ನಿಂತಿರೋದಕ್ಕೆ ಅದೇನು ಬೀರುವೇ ಅಂತ ಚುಚ್ಚಿದಳು. ಸೊಸೆ ಸೌಟು ಇಟ್ಟು ಒಳಗೆ ಹೋದಳು. ಅವಳು ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಊರಿನವರ ಬಾಯಿಗೆ ಹಲ್ಲು ಕಟ್ಟುವವಳು ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನ ಮೊಮ್ಮಗಳು ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡೇ ಉಂಡು ಎದ್ದಳು.

ಆರಾಮು ಎಂಬ ಪದ ಮೇಷ್ಟ್ರಮ್ಮನಿಗೆ ಗಂಟಲಲ್ಲಿ ಸಿಕ್ಕಿಕೊಂಡ ತುತ್ತಿನ ಹಾಗಾಯಿತು. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡಿದ್ದ ಆ ಒಂದು ತಿಂಗಳಲ್ಲೇ ಅದರ ರುಚಿ ಅವಳಿಗೆ ತಿಳಿದಿತ್ತು. ಎಂಟೂವರೆಗೆ ಮೂವರೂ ಹೊರಟರೆ ಮನೆ ಖಾಲಿ. ಸೊಸೆ ಬರುವುದು ಮೂರಕ್ಕೆ, ಬಂದವಳು ಲ್ಯಾಬಿನಲ್ಲೇ ಊಟ ಆಯ್ತು ಅತ್ತೆ ಅಂತ ರೂಮಿಗೆ ಹೋಗುತ್ತಿದ್ದಳು. ಬಂದಾಳು ಎಂದು ಮೂರರವರೆಗೆ ಮುಚ್ಚಿಟ್ಟ ಅನ್ನವನ್ನು ಮೇಷ್ಟ್ರಮ್ಮ ಒಬ್ಬಳೇ ತಣ್ಣಗೆ ಉಣ್ಣುತ್ತಿದ್ದಳು. ಕಾರು ಇದ್ದರೆ ಬೆಳಿಗ್ಗೆ ನಾಲ್ಕು ಗಂಟೆಗಳ ಕಾಲವಾದರೂ ಯಾರೋ ಒಬ್ಬಳು ಪಕ್ಕದಲ್ಲಿ ಕೂತು, ಅಯ್ಯೋ ಮೇಷ್ಟ್ರಮ್ಮ ಲಾರಿ ಬಂತು, ಎಂದು ಅವಳ ಕೈ ಹಿಡಿಯುತ್ತಿದ್ದಳು. ಅದೂ ಗುಜರಿಗೆ ಹೋದರೆ ತನ್ನನ್ನು ಮುಟ್ಟಿ ಮಾತಾಡಿಸುವವರು ಈ ಊರಲ್ಲಿ ಯಾರೂ ಉಳಿಯುವುದಿಲ್ಲ ಎಂದು ಅವಳಿಗೆ ಭಯವಾಯಿತು.

ಹಾಗಾಗಿ ಎರಡನೇ ವಾರ ಹಟ ಹಿಡಿದು ಸೆನ್ಸರ್ ಬದಲು ಮಾಡಿಸಿದಳು. ನಾಲ್ಕು ದಿನ ಚಾಲೂ ಆಯಿತು, ನಡುದಾರಿಯಲ್ಲಿ ಕೈಕೊಟ್ಟೀತೆಂದು ಪಾಠ ಮಾತ್ರ ಶುರು ಮಾಡಲಿಲ್ಲ, ಐದನೇ ದಿನ ಟಕ್. ಯಂತ್ರ ಮತ್ತೆ ಅದೇ ಪಿ 0562 ತೋರಿಸಿತು. ಮೂರನೇ ವಾರ ಹೊಸ ಬ್ಯಾಟರಿ ಬಂತು. ಹಳೆಯದು ಚೆನ್ನಾಗಿಯೇ ಇದೆಯಲ್ಲ ಎಂದು ಗೊಣಗುತ್ತಲೇ ಷಾಕಪ್ಪ ಅದನ್ನು ತನ್ನ ಶೆಡ್ಡಿಗೆ ಎತ್ತಿಕೊಂಡು ಹೋದ. ಹೊಸದೂ ವಾರಕ್ಕೆ ಮಲಗಿತು. ಪರೀಕ್ಷೆ ಹತ್ತಿರ ಬಂತು, ಬೇರೆ ಕಡೆ ಹೋಗಲಾ ಎಂದು ಕಲಿಯುವವರಲ್ಲಿ ಒಬ್ಬಳು ಫೋನಿನಲ್ಲಿ ಸಂಕೋಚದಿಂದ ಕೇಳಿದಳು. ಶನಿವಾರದವರೆಗೆ ತಡಿಯಮ್ಮ ಅಂತ ಮೇಷ್ಟ್ರಮ್ಮ ಬೇಡಿಕೊಂಡಳು. ಇಷ್ಟು ವರ್ಷದಲ್ಲಿ ಶಿಷ್ಯೆಯೊಬ್ಬಳ ಮುಂದೆ ಅವಳು ಬೇಡಿಕೊಂಡಿದ್ದು ಅದೇ ಮೊದಲು.

ಸೋಮವಾರ ಷಾಕಪ್ಪ ಮೀಟರ್ ಹಿಡಿದು ಬಂದು, ಮೊದಲು ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಿದ. ಕಾರು ಸುಮ್ಮನೆ ನಿಂತಿರುವಾಗ ಎಲ್ಲಿಂದ ಕರೆಂಟು ಸೋರುತ್ತಿದೆ ಎಂದು ಹುಡುಕುವುದು ಅವನ ಲೆಕ್ಕಾಚಾರ. ಫ್ಯೂಸುಗಳ ಪೆಟ್ಟಿಗೆ ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದ ಮೇಲಿತ್ತು. ಅವನು ಅಲ್ಲಿ ಉದ್ದಕ್ಕೆ ಮಲಗಿ ತಲೆ ಒಳಗೆ ತೂರಿಸಿದ. ಕೀಲಿ ಹಾಕಿ ತೆಗೆಯಲು ತನ್ನ ಜಾಗವೇ ಇಲ್ಲದೆ, ಬೇರೆ ದಾರಿ ಕಾಣದೆ ಮೇಷ್ಟ್ರಮ್ಮ ಓಡಿಸುವ ಸೀಟಿನಲ್ಲಿ ಕೂತಳು.

ಕೂತವಳ ಕಾಲು ಪೆಡಲಿಗೆ ಎಟುಕಲಿಲ್ಲ.

"ಸೀಟು ಯಾಕೆ ಹಿಂದೆ ತಳ್ಳಿದ್ದೀಯ?" ಅಂದಳು.

"ನಾನು ಸೀಟು ಮುಟ್ಟೇ ಇಲ್ಲ. ಬಂದಾಗಿನಿಂದ ಈ ಕಡೆಯೇ ಬಿದ್ಕೊಂಡಿದೀನಿ," ಎಂದು ಫ್ಯೂಸಿನ ಪೆಟ್ಟಿಗೆಯ ಕಡೆಯಿಂದ ಉತ್ತರ ಬಂತು. ಸ್ವಲ್ಪ ಹೊತ್ತಾದ ಮೇಲೆ ಅವನು ತಲೆ ಹೊರಗೆ ತೆಗೆದ. "ಮೂವತ್ತು ಮಿಲಿಆಂಪ್. ಗಡಿಯಾರಕ್ಕೆ ಬೇಕಾದಷ್ಟು, ಅಷ್ಟೇ. ನಿಮ್ಮ ಕಾರಲ್ಲಿ ಸೋರಿಕೆ ಇಲ್ಲ."

"ಮತ್ತೆ ಕರೆಂಟು ಎಲ್ಲಿಗೆ ಹೋಯ್ತು?"

"ಸೋರಿಲ್ಲ ಅಂದ್ಮೇಲೆ ಯಾರೋ ಕುಡಿದಿದ್ದಾರೆ."

ಅವನು ಹೋದ ಮೇಲೆ ಮೇಷ್ಟ್ರಮ್ಮ ಸೀಟಿನ ಕಂಬಿಯ ಮೇಲೆ ಬೆರಳಾಡಿಸಿ ಕಚ್ಚು ಎಣಿಸಿದಳು. ಹನ್ನೊಂದನೆಯದು. ಹನ್ನೊಂದರಲ್ಲಿ ಕೂರುವಷ್ಟು ಉದ್ದ ಕಾಲಿನವನು ಈ ಮನೆಯಲ್ಲಿ ಒಬ್ಬನೇ. ಅಲ್ಲವೇ ಮತ್ತೆ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಒಂದು ತಿಂಗಳಿಂದ ದಿನಾ ಕೀಲಿ ತಿರುಗಿಸಿದ್ದಾಳೆ, ಒಂದು ಸಲವಾದರೂ ಪಕ್ಕಕ್ಕೆ ತಿರುಗಿ ಸೀಟು ಎಲ್ಲಿದೆ ಎಂದು ನೋಡಿಲ್ಲ. ಕಲಿಸುವವಳ ಕಣ್ಣು ಯಾವಾಗಲೂ ರಸ್ತೆಯ ಮೇಲೆ. ಸೀಟನ್ನು ಐದಕ್ಕೆ ತಂದು ಕೂರಿಸಿ ಒಳಗೆ ಬಂದಳು.

ಮಂಗಳವಾರ ಮೂರೂವರೆಗೆ ಹೋಗಿ ನೋಡಿದರೆ ಸೀಟು ಮೂರನೇ ಕಚ್ಚಿನಲ್ಲಿತ್ತು. ಮ್ಯಾಟಿನ ಮೇಲೆ ಬ್ರೆಡ್ಡಿನ ಪುಡಿ. ಐದಕ್ಕೆ ತಂದಿಟ್ಟಳು. ಸಂಜೆ ಮಗ ಮನೆಯೊಳಗೆ ಬಂದ ಮೇಲೆ ನೋಡಿದರೆ ಹನ್ನೊಂದು. ಬದಲಿ ಕೀಲಿ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಅದರ ಮೇಲೆ ಒಂದಿಷ್ಟೂ ಧೂಳಿರಲಿಲ್ಲ.

ಊಟಕ್ಕೆ ಕೂತಾಗ ಸುಮ್ಮನೆ ಕೇಳಿದ ಹಾಗೆ ಕೇಳಿದಳು, ಬದಲಿ ಕೀಲಿ ಯಾರಾದರೂ ತೆಗೆದಿದ್ದಿರಾ ಎಂದು.

"ನಾನ್ಯಾಕೆ ತೆಗೀಲಿ?" ಎಂದ ಮಗ.

"ನಂಗೆ ಓಡ್ಸೋಕೇ ಬರಲ್ವಲ್ಲ ಅತ್ತೆ," ಎಂದಳು ಸೊಸೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಬ್ಬರೂ ತಟ್ಟೆ ನೋಡಿಕೊಂಡರು, ಒಬ್ಬರನ್ನೊಬ್ಬರು ನೋಡಲಿಲ್ಲ. ಬೈಯಬೇಕೆಂದು ಬಾಯಿಗೆ ಬಂದ ಮಾತನ್ನು ಮೇಷ್ಟ್ರಮ್ಮ ಸಾರನ್ನದ ಜೊತೆ ನುಂಗಿದಳು. ಮೊದಲು ಕಣ್ಣಾರೆ ನೋಡಿಯೇ ಗ್ರಹಚಾರ ಬಿಡಿಸುತ್ತೇನೆ ಎಂದುಕೊಂಡಳು.

ಶೆಡ್ಡು ಕಾಣಿಸುವುದು ಬಚ್ಚಲುಮನೆಯ ಸಣ್ಣ ಕಿಟಕಿಯಿಂದ ಮಾತ್ರ. ಬುಧವಾರ ಎರಡು ಗಂಟೆ ಹತ್ತು ನಿಮಿಷಕ್ಕೆ ಗೇಟು ಕಿರುಗುಟ್ಟಿತು. ಈ ಸದ್ದನ್ನು ಅವಳು ಎಷ್ಟೋ ದಿನ ಕೇಳಿ ಪಕ್ಕದ ಮನೆಯದೆಂದು ತಿಳಿದಿದ್ದಳು. ಸೊಸೆ ಬಂದಳು, ಮನೆಯ ಕಡೆ ತಿರುಗದೆ ನೇರ ಕಾರಿನೊಳಗೆ ಹೋದಳು, ಸೀಟು ಮುಂದೆ ಎಳೆದುಕೊಂಡಳು, ಕೈಚೀಲದಿಂದ ಬದಲಿ ಕೀಲಿ ತೆಗೆದು ಫ್ಯಾನು ಹಾಕಿದಳು, ರೇಡಿಯೋ ಹಾಕಿದಳು. ಡಬ್ಬಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದಳು. ರೇಡಿಯೋದಲ್ಲಿ ಇಬ್ಬರು ಏನೋ ಹರಟುತ್ತಿದ್ದರು. ಸೊಸೆ ಒಮ್ಮೆ ಬ್ರೆಡ್ಡು ಕೈಯಲ್ಲಿ ಹಿಡಿದೇ ತಲೆ ಹಿಂದಕ್ಕೆ ವಾಲಿಸಿ ಗಟ್ಟಿಯಾಗಿ ನಕ್ಕಳು.

ಸೊಸೆ ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ ಮೇಷ್ಟ್ರಮ್ಮ ಆ ನಗು ಕೇಳಿರಲಿಲ್ಲ. ಬೈಗುಳವೆಲ್ಲ ಎಲ್ಲಿ ಹೋಯಿತೋ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಿಂತಿದ್ದವಳು ಮೆಲ್ಲಗೆ ಇಳಿದಳು. ಮೇಜಿನ ಮೇಲೆ ಇಬ್ಬರಿಗಾಗುವಷ್ಟು ಅನ್ನ ಮುಚ್ಚಿಟ್ಟಿತ್ತು. ಎಷ್ಟೋ ದಿನದಿಂದ ಅತ್ತೆ ಇಲ್ಲಿ ಒಬ್ಬಳೇ, ಸೊಸೆ ಅಲ್ಲಿ ಒಬ್ಬಳೇ, ನಡುವೆ ಇಪ್ಪತ್ತು ಹೆಜ್ಜೆ. ಅವಳಿಗೆ ತುಂಬ ನೋವಾಯಿತು, ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯಲಿಲ್ಲ.

ಸಂಜೆ ಆರಕ್ಕೆ ಮಗನ ಸರದಿ. ಅವನು ಉಣ್ಣಲೂ ಇಲ್ಲ, ನಗಲೂ ಇಲ್ಲ. ಸೀಟು ಹಿಂದೆ ತಳ್ಳಿ, ತನ್ನ ಗೊಂಚಲಿನಲ್ಲಿದ್ದ ಅಪ್ಪನ ಹಳೇ ಕೀಲಿಯಿಂದ ಫ್ಯಾನು ಹಾಕಿ, ಮೇಲಿನ ದೀಪ ಉರಿಸಿಕೊಂಡು, ಕಣ್ಣು ಮುಚ್ಚಿ ನಲವತ್ತು ನಿಮಿಷ ಕೂತ. ಆಮೇಲೆ ಎದ್ದು ಬಂದು ಬೆಲ್ ಒತ್ತಿ, "ಸಿಕ್ಕಾಪಟ್ಟೆ ಟ್ರಾಫಿಕ್ಕು," ಅಂದ. ಮೇಷ್ಟ್ರಮ್ಮ ಹೂಂ ಅಂದಳು.

ಬಟ್ಟೆ ಮಡಿಸುವಾಗ ಮೊಮ್ಮಗಳನ್ನು ಪಕ್ಕಕ್ಕೆ ಕರೆದು, ನಿನಗೇನಾದರೂ ಗೊತ್ತೇ ಎಂದು ಕೇಳಿದಳು.

"ಗೊತ್ತು. ಅಮ್ಮ ಮಧ್ಯಾಹ್ನ, ಅಪ್ಪ ಸಾಯಂಕಾಲ. ಅವರಿಬ್ಬರಿಗೂ ಇನ್ನೊಬ್ರು ಕೂರ್ತಾರೆ ಅಂತ ಗೊತ್ತಿಲ್ಲ. ಸೀಟು ಸರಿದಿದ್ರೆ ಅಜ್ಜಿ ಕೆಲಸ ಅಂದ್ಕೋತಾರೆ."

"ಮತ್ತೆ ಹೇಳ್ಲಿಲ್ವಲ್ಲೇ ನೀನು?"

"ಯಾರೂ ಕೇಳ್ಲಿಲ್ಲ ಅಜ್ಜಿ," ಎಂದು ಮೊಮ್ಮಗಳು ಕಿವಿಗೆ ವೈರು ಸಿಕ್ಕಿಸಿಕೊಂಡಳು.

ಗುರುವಾರ ಮೇಷ್ಟ್ರಮ್ಮ ಷಾಕಪ್ಪನ ಶೆಡ್ಡಿಗೆ ಹೋಗಿ ಎಲ್ಲ ಹೇಳಿದಳು. ಅವನು ಬೀಡಿ ಆರಿಸಿ, ಅಯ್ಯೋ ಇಷ್ಟೇನಾ ಎಂದ. ಕಣ್ಣಿನ ಆಪರೇಷನ್ ಆದಾಗಿನಿಂದ ಅವಳ ಪಾಠ ನಿಂತಿದ್ದರಿಂದ ಕಾರು ಓಡಲಿಲ್ಲ, ಓಡದಿದ್ದರೆ ಬ್ಯಾಟರಿ ತುಂಬುವುದಿಲ್ಲ. ಒಬ್ಬರ ಫ್ಯಾನಿಗೆ ತಡೆಯುತ್ತಿತ್ತು, ಇಬ್ಬರ ಕೈಯಲ್ಲಿ ಸಿಕ್ಕಿ ಬರಿದಾಗಿದೆ. ಒಂದು ಮಾತು ಹೇಳಿಬಿಟ್ಟರೆ ಬಿಟ್ಟಿಯಲ್ಲಿ ರಿಪೇರಿ ಆಯಿತು ಎಂದು ನಕ್ಕ.

"ಹೇಳಿದ್ರೆ ಕೂರೋದು ಬಿಡ್ತಾರೆ," ಎಂದಳು ಮೇಷ್ಟ್ರಮ್ಮ.

"ಬಿಡ್ಲಿ. ಅದೇ ತಾನೆ ಬೇಕಾಗಿರೋದು?"

"ಬಿಟ್ಟು ಎಲ್ಲಿ ಹೋಗಿ ಕೂರ್ತಾರೆ? ಒಳಗೆ ನಾನಿದೀನಿ."

ಷಾಕಪ್ಪನ ನಗು ನಿಂತಿತು. ಅವನು ಮೂಲೆಯಲ್ಲಿದ್ದ ಅವಳ ಹಳೇ ಬ್ಯಾಟರಿಯ ಕಡೆ ನೋಡಿದ, ಅವಳೂ ಅದನ್ನೇ ನೋಡುತ್ತಿದ್ದಳು. ಅಂದೂ ಮಾರನೆಯ ದಿನವೂ ಬೆಳಗಿನ ಹೊತ್ತು, ಮನೆ ಖಾಲಿ ಇರುವಾಗ ಕೆಲಸ ಮಾಡಿದರು. ಹಳೇ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಬಿಗಿದು, ಫ್ಯಾನು, ರೇಡಿಯೋ, ಮೇಲಿನ ದೀಪ ಮೂರನ್ನೂ ಅದಕ್ಕೆ ಜೋಡಿಸಿದರು. ಎಂಜಿನ್ ಓಡುವಾಗ ಎರಡೂ ತುಂಬುತ್ತವೆ, ನಿಂತಾಗ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು. ಒಂದೇ ಸೂರಿನಡಿ ಎರಡು ಸಂಸಾರ ಎಂದ ಷಾಕಪ್ಪ, ಆಮೇಲೆ ಯಾಕೆ ಅಂದೆನೋ ಎಂಬಂತೆ ಡಿಕ್ಕಿ ಮುಚ್ಚಿದ.

ಶನಿವಾರ ಗುಜರಿಯವನು ಹಗ್ಗ, ಟೆಂಪೊ ಸಮೇತ ಬಂದು ಬಾನೆಟ್ಟು ತಟ್ಟಿ ನೋಡುತ್ತಿದ್ದ. ಮಗ ಕೈಕಟ್ಟಿ ನಿಂತಿದ್ದ. ಸೊಸೆ ಒದ್ದೆ ಬಟ್ಟೆ ಹರವುತ್ತ, ಹರವಿದ್ದನ್ನೇ ಮತ್ತೆ ತೆಗೆದು ಹರವುತ್ತಿದ್ದಳು. ಮೇಷ್ಟ್ರಮ್ಮ ತನ್ನ ಪಕ್ಕದ ಸೀಟಿನಲ್ಲಿ ಕೂತು, ಕ್ಲಚ್ ಒತ್ತಿ, ಬಗ್ಗಿ ಕೀಲಿ ತಿರುಗಿಸಿದಳು. ಕಾರು ಒಂದೇ ಏಟಿಗೆ ಚಾಲೂ ಆಯಿತು. ಷಾಕಪ್ಪ ಯಂತ್ರ ಚುಚ್ಚಿ ಎಲ್ಲರಿಗೂ ತೋರಿಸಿದ, ಒಂದು ಕೋಡೂ ಇರಲಿಲ್ಲ. ಗುಜರಿಯವನು ಟೀ ಕುಡಿದು, ಇದಿನ್ನೂ ಹತ್ತು ವರ್ಷ ಬರುತ್ತೆ ಬಿಡಿ ಎಂದು ಬೇಸರದಲ್ಲಿ ಹೋದ.

"ಏನಾಗಿತ್ತಮ್ಮ ಅದಕ್ಕೆ?" ಎಂದು ಮಗ ಕೇಳಿದ. ಗುಜರಿಗೆ ಹಾಕಬೇಕೆಂದ ತನ್ನ ಮಾತು ಸೋತರೂ ಅವನ ಮುಖದಲ್ಲಿ ಗೆದ್ದವನ ನೆಮ್ಮದಿ ಇದ್ದದ್ದನ್ನು ಅವಳು ಗಮನಿಸಿದಳು.

"ಯಾವುದೋ ವೈರು ಸಡಿಲ ಇತ್ತಂತೆ," ಎಂದಳು.

ಆ ವಾರದಿಂದ ಪಾಠ ಮತ್ತೆ ಶುರುವಾಯಿತು. ಮೂವರಲ್ಲಿ ಇಬ್ಬರು ಪರೀಕ್ಷೆ ಪಾಸಾದರು, ಮೂರನೆಯವಳು ಕಂಬಕ್ಕೆ ಮುತ್ತು ಕೊಟ್ಟು ವಾಪಸು ಬಂದಳು. ಪ್ರತಿ ಬೆಳಿಗ್ಗೆ ಶಿಷ್ಯೆಯರು ಗೇಟಿಗೆ ಬರುವ ಮುಂಚೆ ಮೇಷ್ಟ್ರಮ್ಮ ಹೋಗಿ, ಹನ್ನೊಂದರಲ್ಲಿರುವ ಸೀಟನ್ನು ಐದಕ್ಕೆ ತಂದು, ಮ್ಯಾಟು ಕೊಡವಿ ಬರುತ್ತಾಳೆ. ಸಂಜೆ ಗೇಟು ಕಿರುಗುಟ್ಟಿದರೆ ಒಲೆ ಹಚ್ಚುವುದಿಲ್ಲ. ನಲವತ್ತು ನಿಮಿಷ ಬಿಟ್ಟು ಹಚ್ಚುತ್ತಾಳೆ. ಬಿಸಿ ಅನ್ನ ಬಡಿಸುವಾಗ, ಟ್ರಾಫಿಕ್ ಜಾಸ್ತಿ ಇತ್ತೇನೋ ಅಂತ ಅವಳೇ ಮುಂಚಿತವಾಗಿ ಕೇಳಿಬಿಡುತ್ತಾಳೆ.

ಮಧ್ಯಾಹ್ನದ ಹೊತ್ತೇ ಕಷ್ಟ. ಒಂದು ದಿನ ತಟ್ಟೆಗೆ ಬಡಿಸಿಕೊಂಡು ಹಿತ್ತಲ ಬಾಗಿಲು ದಾಟಿ ಶೆಡ್ಡಿನ ಮೂಲೆಯವರೆಗೆ ಹೋಗಿದ್ದಳು. ಪಕ್ಕದ ಸೀಟು ಖಾಲಿ ಇತ್ತು, ಇಪ್ಪತ್ತೆರಡು ವರ್ಷದಿಂದ ಅವಳದೇ ಸೀಟು. ಆದರೆ ತಾನು ಆ ಬಾಗಿಲು ತೆಗೆದರೆ ಸೊಸೆ ರೇಡಿಯೋ ಆರಿಸುತ್ತಾಳೆ, ಡಬ್ಬಿ ಮುಚ್ಚುತ್ತಾಳೆ, ನಾಳೆಯಿಂದ ಬರುವುದೇ ಇಲ್ಲ. ಹಾಗೇ ಹಿಂದಿರುಗಿದಳು. ಶೆಡ್ಡಿಗೆ ಅಂಟಿಕೊಂಡ ಗೋಡೆಯ ಈಚೆ ಹಿತ್ತಲ ಮೆಟ್ಟಿಲಿತ್ತು. ಅಲ್ಲಿ ಕೂತರೆ ರೇಡಿಯೋ ಸಣ್ಣಗೆ ಕೇಳಿಸುತ್ತಿತ್ತು, ಮಾತು ಪೂರ್ತಿ ತಿಳಿಯುತ್ತಿರಲಿಲ್ಲ.

ಅಂದಿನಿಂದ ಮೂರರವರೆಗೆ ಕಾಯುವುದನ್ನು ಬಿಟ್ಟಳು. ಎರಡು ಹತ್ತಕ್ಕೆ ಗೇಟಿನ ಸದ್ದಾದರೆ ತಟ್ಟೆ ಹಿಡಿದು ಆ ಮೆಟ್ಟಿಲ ಮೇಲೆ ಕೂರುತ್ತಾಳೆ. ಗೋಡೆಯ ಆಚೆ ಸೊಸೆ ಉಣ್ಣುತ್ತಾಳೆ, ಈಚೆ ಅತ್ತೆ. ಊಟ ಬಿಸಿಯಾಗಿರುತ್ತದೆ.

ಮೊನ್ನೆ ರೇಡಿಯೋದವರು, ಅತ್ತೆಯನ್ನು ಸ್ಕೂಟರಿನಿಂದ ಬೀಳಿಸಿ ಎರಡು ಬೀದಿ ಮುಂದೆ ಹೋದ ಅಳಿಯನ ಕತೆ ಹೇಳುತ್ತಿದ್ದರು. ಕೇಳಿಸಿದ್ದು ಅರ್ಧವೇ ಆದರೂ, ತುತ್ತು ಬಾಯಲ್ಲಿದ್ದ ಹಾಗೇ ಮೇಷ್ಟ್ರಮ್ಮನಿಗೆ ತಡೆಯಲಾರದಷ್ಟು ನಗು ಬಂತು, ಗಟ್ಟಿಯಾಗಿಯೇ ಬಂತು. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ತಡವಾಗಿತ್ತು. ಆಚೆ ರೇಡಿಯೋ ಥಟ್ಟನೆ ನಿಂತಿತು. ಅವಳು ತಟ್ಟೆ ಹಿಡಿದೇ ಕೂತಳು, ಎಲ್ಲ ಹಾಳುಮಾಡಿಕೊಂಡೆ ಎಂದು. ಡಬ್ಬಿ ಮುಚ್ಚುವ ಸದ್ದಿಗೆ, ಕಾರಿನ ಬಾಗಿಲಿನ ಸದ್ದಿಗೆ ಕಾದಳು. ಅದ್ಯಾವುದೂ ಬರಲಿಲ್ಲ. ಒಂದು ನಿಮಿಷ ಕಳೆದಿರಬೇಕು, ರೇಡಿಯೋ ಮತ್ತೆ ಶುರುವಾಯಿತು. ಮೊದಲಿಗಿಂತ ಗಟ್ಟಿಯಾಗಿ, ಮೆಟ್ಟಿಲ ಮೇಲೆ ಕೂತವರಿಗೂ ಪ್ರತಿ ಮಾತು ತಿಳಿಯುವಷ್ಟು.